ನಾನು ಯಾರು, ಹೇಳಿ ನೋಡೋಣ

ಗೃಹಪ್ರವೇಶದ ಮನೆಯಲ್ಲಿ ಎಲೆ ಹಾಕುವ ಹೊತ್ತಿಗೆ ದೊಡ್ಡಪ್ಪನ ಅಳಿಯ ಬಂದು ಅಪ್ಪನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತರು. "ನಾನು ಯಾರು, ಹೇಳಿ ನೋಡೋಣ?"

ಅಪ್ಪ ಅವರ ಮುಖ ನೋಡಿದರು. ಆಮೇಲೆ ಅವರ ಅಂಗಿಯ ತೋಳನ್ನು ಎರಡು ಬೆರಳುಗಳ ನಡುವೆ ಹಿಡಿದು ಉಜ್ಜಿ, "ಬಟ್ಟೆ ಒಳ್ಳೆಯದು. ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ" ಎಂದರು.

"ಅದಿರಲಿ, ನಾನು ಯಾರು?" ಈ ಸಲ ದನಿ ಎಷ್ಟು ಏರಿತೆಂದರೆ ಅಡುಗೆಯವರೂ ತಿರುಗಿ ನೋಡಿದರು. ಅಪ್ಪ ನನ್ನ ಕಡೆ ಬಾಗಿ, "ಪಾಪ, ತಾನು ಯಾರೆಂದು ಅವರಿಗೇ ಗೊತ್ತಿಲ್ಲವಂತೆ. ಯಾರಾದರೂ ಮನೆಗೆ ತಲುಪಿಸಿ ಬನ್ನಿ" ಎಂದರು.

"ಏನಂದರು? ಏನಂದರು?" ಎಂದು ಅಳಿಯಂದಿರು ಕಿವಿ ಮುಂದೆ ತಂದರು. ಊಟಕ್ಕೆ ಏಳಬೇಕಂತೆ ಎಂದೆ.

ಅಪ್ಪನಿಗೆ ಅಲ್ಜೈಮರ್, ನೆನಪನ್ನು ಮೆಲ್ಲಗೆ ಅಳಿಸುವ ಕಾಯಿಲೆ. ಭಾನುವಾರದಿಂದ ಈ ಮಾತು ತಲೆಯಲ್ಲಿ ಸುತ್ತುತ್ತಲೇ ಇದೆ. ಮೊದಲು ನಗು ಬಂತು, ರಾತ್ರಿ ಸಿಟ್ಟು ಬಂತು. ಅಪ್ಪ ತಮಾಷೆ ಮಾಡಿದರು ಎಂದು ಅಮ್ಮ ಆಣೆ ಮಾಡಿ ಹೇಳುತ್ತಾಳೆ. ಅಣ್ಣ ಒಪ್ಪುವುದಿಲ್ಲ. ನನಗೆ ಎರಡೂ ಸರಿ ಅನ್ನಿಸುವುದಿಲ್ಲ. ಆ ದನಿಯಲ್ಲಿದ್ದದ್ದು ನಿಜವಾದ ಕನಿಕರ. ಎದುರಿಗಿರುವವನು ದಾರಿ ತಪ್ಪಿದ್ದಾನೆ ಅನ್ನಿಸಿದಾಗ ಅಪ್ಪನಿಗೆ ಹೊಳೆದದ್ದು ಅವನನ್ನು ಮನೆ ಮುಟ್ಟಿಸುವುದು. ಎಲ್ಲ ನೆನಪಿರುವ ಅಳಿಯಂದಿರಿಗೆ ಹೊಳೆದದ್ದು ಪರೀಕ್ಷೆ.

ವೈದ್ಯರೂ ಪ್ರಶ್ನೆ ಕೇಳುತ್ತಾರೆ, ಇವತ್ತು ಯಾವ ವಾರ, ನೂರರಿಂದ ಏಳು ಕಳೆಯಿರಿ ಎಂದು. ಅದು ಬಾಗಿಲು ಮುಚ್ಚಿದ ಕೋಣೆಯಲ್ಲಿ, ಒಂದು ಉದ್ದೇಶಕ್ಕೆ. ನೂರು ಜನರ ನಡುವೆ ಕೇಳುವುದು ಯಾವ ಚಿಕಿತ್ಸೆ? "ಚಿಕ್ಕಪ್ಪ, ನಾನು ಇಂಥವನು, ಹರಿಹರದಿಂದ ಬಂದೆ" ಎಂದರೆ ಮುಗಿಯಿತು. ಅಪ್ಪ ಕೈ ಹಿಡಿದು ಮಾತಾಡಿಸುತ್ತಾರೆ. ಹೆಸರು ಎರಡು ನಿಮಿಷಕ್ಕೆ ಮರೆತರೂ, ಬಂದವರು ನಮ್ಮವರು ಎಂಬ ಸಮಾಧಾನ ಅಷ್ಟು ಬೇಗ ಹೋಗುವುದಿಲ್ಲ.

ಅಲ್ಜೈಮರ್ ಮೊದಲು ಕೈ ಹಾಕುವ ಜಾಗಗಳಲ್ಲಿ ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗ ಒಂದು. ಹೊಸ ನೆನಪು ಕಟ್ಟುವುದು ಅಲ್ಲಿ. ಹಾಗಾಗಿ ಬೆಳಗಿನ ಉಪ್ಪಿಟ್ಟು ಮಧ್ಯಾಹ್ನಕ್ಕೆ ಇರುವುದಿಲ್ಲ. ಕೈ ಕಲಿತ ಕಸುಬು ಮಿದುಳಿನ ಬೇರೆ ಭಾಗಗಳಲ್ಲಿ ಉಳಿದಿರುವುದರಿಂದ ಬಹುಕಾಲ ಬಾಳುತ್ತದೆ. ದಾವಣಗೆರೆಯ ಜವಳಿ ಅಂಗಡಿಯಲ್ಲಿ ಆಯುಷ್ಯ ಕಳೆದವರಿಗೆ ಮುಖಕ್ಕಿಂತ ಮೊದಲು ಅಂಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಅವತ್ತು ಅಪ್ಪನನ್ನು ಸರಿಯಾಗಿ ಗುರುತಿಸಿದವಳು ಆ ಮನೆಯ ಹುಡುಗಿ. ಇನ್ನೂ ಕಾಲೇಜು ಮುಗಿಸಿಲ್ಲ. ಅಪ್ಪನ ಕಾಯಿಲೆಯ ಹೆಸರೂ ಅವಳಿಗೆ ಗೊತ್ತಿರಲಿಕ್ಕಿಲ್ಲ. ತಾಂಬೂಲದ ಜೊತೆ ಕೊಡಲು ತಂದಿದ್ದ ರವಿಕೆ ಕಣಗಳ ರಾಶಿಯನ್ನು ಅಪ್ಪನ ಮುಂದೆ ಸುರಿದು, "ತಾತ, ಇವನ್ನು ಮಡಿಸಿಕೊಡುತ್ತೀರಾ?" ಎಂದಳು. ವಯಸ್ಸಾದವರಿಗೆ ಕೆಲಸ ಹೇಳುವುದೇ ಎಂದು ಅತ್ತೆ ಗದರಿದರು. ಅತ್ತೆಯದು ಒಳ್ಳೆಯ ಮನಸ್ಸು. ಅಂಥ ಒಳ್ಳೆಯ ಮನಸ್ಸಿನವರೇ ಮುದುಕರನ್ನು ಮೂಲೆಯ ಕುರ್ಚಿಗೆ ಕಟ್ಟಿಹಾಕುವುದು. ಅಪ್ಪ ಒಂದೊಂದು ಕಣವನ್ನೂ ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ತೀಡಿ ಮಡಿಸಿದರು. ಒಂದರಲ್ಲಿ ನೇಯ್ಗೆ ತಪ್ಪಿತ್ತು, ಅದನ್ನು ಪಕ್ಕಕ್ಕಿಟ್ಟರು. ತಿಂಗಳುಗಳಿಂದ ಅವರು ಅಷ್ಟು ಹೊತ್ತು ಸಮಾಧಾನದಿಂದ ಕುಳಿತದ್ದನ್ನು ನಾನು ಕಂಡಿರಲಿಲ್ಲ.

ಅಂಗಡಿಯಲ್ಲಿ ಅಪ್ಪ ಕನ್ನಡ, ಉರ್ದು, ತೆಲುಗು, ಮರಾಠಿ ಎಲ್ಲವನ್ನೂ ಗಿರಾಕಿ ನೋಡಿ ಆಡುತ್ತಿದ್ದರು. 2013ರಲ್ಲಿ ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ ಒಂದು ಅಧ್ಯಯನ ಪ್ರಕಟವಾಯಿತು. ಡಿಮೆನ್ಶಿಯಾ, ಅಂದರೆ ಅಲ್ಜೈಮರ್‌ನಂಥ ಕಾಯಿಲೆಗಳಿಂದ ಬರುವ ಬುದ್ಧಿಮಾಂದ್ಯ ಮತ್ತು ಮರೆವು, ಇದ್ದ 648 ಜನರಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಈ ಅಂತರವಿತ್ತು. ಒಬ್ಬ ಮನುಷ್ಯನ ಮಟ್ಟಿಗೆ ಇಂಥ ಲೆಕ್ಕ ಹಾಕಬಾರದು. ಆದರೂ ಹಾಕುತ್ತೇನೆ. ಚೌಕಾಸಿ ಮಾಡಿ ಅಪ್ಪನ ಜೀವ ಹಿಂಡಿದ ಗಿರಾಕಿಗಳೇ ನಮಗೆ ಆ ವರ್ಷಗಳನ್ನು ಕೊಟ್ಟಿರಬಹುದು.

ನಿನ್ನೆ ದೊಡ್ಡಪ್ಪನ ಅಳಿಯ ಫೋನ್ ಮಾಡಿದ್ದರು. ಭಾನುವಾರದ ಬಗ್ಗೆ ಒಂದು ಮಾತಿಲ್ಲ. ತಮಗೆ ಹೀಗಾಗದಿರಲು ಯಾವ ಮಾತ್ರೆ ತೆಗೆದುಕೊಳ್ಳಬೇಕು ಎಂಬುದು ಅವರ ಚಿಂತೆ. ಅಂಥ ಮಾತ್ರೆ ಇಲ್ಲ, ಮೊದಲು ಕಿವಿ ಪರೀಕ್ಷೆ ಮಾಡಿಸಿ ಎಂದೆ. "ಏನು?" ಎಂದರು. ಮತ್ತೊಮ್ಮೆ ಜೋರಾಗಿ ಹೇಳಿದೆ. "ನನಗೇನು ಕಿವುಡೇ?" ಎಂದು ಕೆರಳಿದರು.

2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ನಾವು ಬದಲಾಯಿಸಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿ, ಅವೆಲ್ಲ ನೀಗಿದರೆ ನೂರರಲ್ಲಿ ಸುಮಾರು 45 ಡಿಮೆನ್ಶಿಯಾಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿದೆ ಎಂದು ನಾನು ಅವರಿಗೆ ವಿವರಿಸಿದೆ. ನಡುವಯಸ್ಸಿನಲ್ಲಿ ಕಿವಿ ಮಂದವಾಗುವುದು ಮತ್ತು ಕೆಟ್ಟ ಕೊಲೆಸ್ಟರಾಲ್ ಆ ಪಟ್ಟಿಯ ತಲೆಯಲ್ಲಿವೆ. ರಕ್ತದೊತ್ತಡ, ಸಕ್ಕರೆ, ಧೂಮಪಾನ, ಒಂಟಿತನ ಎಲ್ಲವೂ ಇವೆ. ಕಿವಿ ಕೇಳಿಸದವರು ಮೆಲ್ಲಗೆ ಜನರಿಂದ, ಮಾತಿನಿಂದ ಹಿಂದೆ ಸರಿಯುತ್ತಾರೆ, ಅದೂ ಮಿದುಳಿಗೆ ಒಳ್ಳೆಯದಲ್ಲ ಎಂದೂ ಸೇರಿಸಿದೆ. ನಮ್ಮ ಅಪ್ಪ ಬೀಡಿ ಮುಟ್ಟಿದವರಲ್ಲ, ದಿನವೂ ನಡೆಯುತ್ತಿದ್ದವರು, ಅವರಿಗೂ ಬಂತು. ಆದ್ದರಿಂದ ಭರವಸೆ ಪತ್ರ ಬರೆದುಕೊಡಲಾರೆ ಎಂದೂ ಹೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ರಾತ್ರಿ ನೆನೆಸಿಟ್ಟ ಬಾದಾಮಿ ತಿಂದರೆ ಸಾಕಾಗುವುದಿಲ್ಲವೇ ಎಂದು ಕೇಳಿದರು.