ಅಪ್ಪನ ಲ್ಯಾಪ್‌ಟಾಪ್‌ನಲ್ಲಿ 2009ರ ಜನವರಿ

ಡೊಂಬಿವಲಿಯಲ್ಲಿ ಶನಿವಾರ ಬೆಳಿಗ್ಗೆಯಿಂದಲೇ ಮಳೆ. ಅಪ್ಪ ಹಳೇ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟರು. "ಶುರುವೇ ಆಗುದಿಲ್ಲ ಮಾರಾಯ, ಸ್ವಲ್ಪ ನೋಡು." ಆನ್ ಮಾಡಿದರೆ ನೀಲಿ ಪರದೆ ಮಿಂಚಿ ಮಾಯ, ಮತ್ತೆ ಮೊದಲಿಂದ ಶುರು. ಹಾರ್ಡ್ ಡಿಸ್ಕ್ ಹೋಗಿದೆ, ಹೊಸದು ಹಾಕಿಸಿ ಅಂತ ರಿಪೇರಿಯವರು ಹೇಳಿದ್ದರಂತೆ.

ನನಗೆ ಎದೆ ಧಸಕ್ಕೆಂದಿತು. ಅಪ್ಪ ಹತ್ತು ವರ್ಷ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ್ದೆಲ್ಲ ಅದರಲ್ಲೇ ಇತ್ತು. ಮಾಟುಂಗಾದ ಹೋಟೆಲಿಗೆ ಕೆಲಸಕ್ಕೆ ಸೇರಿದ ದಿನಗಳು, ಊರಿನ ಕಂಬಳ, ಅಜ್ಜಿ ಹೇಳುತ್ತಿದ್ದ ಕತೆಗಳು. ಬೇರೆಲ್ಲೂ ಕಾಪಿ ಇಲ್ಲ.

ಅದಕ್ಕೇ ಮೊದಲು ಏನನ್ನೂ ಇನ್‌ಸ್ಟಾಲ್ ಮಾಡಲು ಹೋಗಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ಬೂಟ್ ಆಗುವ ಪೆನ್‌ಡ್ರೈವ್ ಮಾಡಿಕೊಡುವ ರೂಫಸ್ ಬಳಸಿ 8 ಜಿಬಿ ಪೆನ್‌ಡ್ರೈವ್‌ಗೆ ಲಿನಕ್ಸ್ ಮಿಂಟ್ ಹಾಕಿದೆ, ಅದು ವಿಂಡೋಸಿನಂಥದ್ದೇ ಇನ್ನೊಂದು ಉಚಿತ ಆಪರೇಟಿಂಗ್ ಸಿಸ್ಟಮ್. ಯಾವುದರಿಂದ ಶುರುವಾಗಬೇಕೆಂದು ಆರಿಸುವ ಬೂಟ್ ಮೆನುವಿನಲ್ಲಿ ಆ ಪೆನ್‌ಡ್ರೈವ್ ಕಾಣಿಸಲೇ ಇಲ್ಲ. ಡ್ರೈವ್ ವಿಭಾಗಿಸುವ ರೀತಿಗೆ ನಾನು ಜಿಪಿಟಿ ಆರಿಸಿದ್ದೆ, ಅದು ಯುಇಎಫ್‌ಐ ಎಂಬ ಹೊಸ ಬಗೆಯ ಆರಂಭಿಕ ತಂತ್ರಾಂಶ ಇರುವ ಯಂತ್ರಗಳಿಗೆ. ಅಪ್ಪನ ಲ್ಯಾಪ್‌ಟಾಪಿನದ್ದು ಅದಕ್ಕೂ ಮುಂಚಿನ ಹಳೇ ಬಯಾಸ್. ಹಳೇ ರೀತಿಯಾದ ಎಂಬಿಆರ್ ಆರಿಸಿ ಮತ್ತೆ ಬರೆದಾಗ ಬಂತು. ಮಿಂಟ್ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ, ಡಿಸ್ಕ್ ಮುಟ್ಟಬೇಕಿಲ್ಲ. ತೆರೆದು ನೋಡಿದರೆ ಅಪ್ಪನ ಫೈಲುಗಳೆಲ್ಲ ಹಾಗೇ ಇವೆ! ಮೊದಲು ಅವನ್ನು ಕಾಪಿ ಮಾಡಿಕೊಂಡೆ.

ಡಿಸ್ಕ್ ಸರಿ ಇದ್ದರೆ ನೀಲಿ ಪರದೆ ಯಾಕೆ? ಬಯಾಸ್ ತೆರೆದೆ. ದಿನಾಂಕ 2009ರ ಜನವರಿ 1. ಆಗ ಹೊಳೆಯಿತು. ಗಡಿಯಾರವನ್ನೂ ಬಯಾಸ್ ಸೆಟ್ಟಿಂಗುಗಳನ್ನೂ ಕಾಯುವ ಸಿಮಾಸ್ ಸೆಲ್ ಎಂಬ ಪುಟ್ಟ ಬ್ಯಾಟರಿ ಸತ್ತಿದೆ. ದೊಡ್ಡ ಬ್ಯಾಟರಿ ಹೋಗಿ ವರ್ಷಗಳಾಗಿದ್ದವು, ಹಾಗಾಗಿ ಪ್ಲಗ್ ತೆಗೆದಾಗಲೆಲ್ಲ ಯಂತ್ರ ಎಲ್ಲ ಮರೆಯುತ್ತಿತ್ತು. ಡಿಸ್ಕ್ ಜೊತೆ ಮಾತಾಡುವ ರೀತಿ, ಅಂದರೆ ಸಾಟಾ ಮೋಡ್, ಹೊಸದಾದ ಎಎಚ್‌ಸಿಐನಿಂದ ಹಳೇ ಐಡಿಇಗೆ ತಿರುಗಿತ್ತು. ಎಎಚ್‌ಸಿಐನಲ್ಲಿ ಇನ್‌ಸ್ಟಾಲ್ ಆಗಿದ್ದ ವಿಂಡೋಸ್ 7ಕ್ಕೆ ತನ್ನ ಡಿಸ್ಕೇ ಸಿಗುತ್ತಿರಲಿಲ್ಲ. ಮತ್ತೆ ಎಎಚ್‌ಸಿಐ ಮಾಡಿದ ಕೂಡಲೇ ವಿಂಡೋಸ್ ಎದ್ದಿತು.

ಮಧ್ಯಾಹ್ನ ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿಗೆ ಹೋದೆ. ಅಲ್ಲಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಆರ್ 2032 ಸೆಲ್ ಸಿಕ್ಕಿತು. ನಾಣ್ಯದಷ್ಟು ಅಗಲ, 3 ವೋಲ್ಟ್. ಲ್ಯಾಪ್‌ಟಾಪಿನದ್ದಕ್ಕೆ ಹೆಚ್ಚಾಗಿ ಕಪ್ಪು ಹೊದಿಕೆ ಇರುತ್ತದೆ, ಕೆಂಪು ಕಪ್ಪು ಎರಡು ವೈರಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕನೆಕ್ಟರ್. ಸುಮ್ನೆ ವೈರ್ ಹಿಡಿದು ಎಳೆದರೆ ಕಿತ್ತುಬರುತ್ತದೆ. ಅಪ್ಪ ಟಾರ್ಚ್ ಹಿಡಿದರು, ನಾನು ಉಗುರಿನಿಂದ ಮೆಲ್ಲಗೆ ಹಳೆಯದನ್ನು ಬಿಡಿಸಿದೆ.

ವಿಂಡೋಸ್ 7ಕ್ಕೆ 2020ರ ಜನವರಿ 14ರಂದೇ ಬೆಂಬಲ ನಿಂತಿದೆ. ಅಪ್ಪ ಅದರಲ್ಲೇ ಬ್ಯಾಂಕಿನ ಕೆಲಸ ಮಾಡುವುದು ನನಗೆ ಇಷ್ಟವಿರಲಿಲ್ಲ. ರಾತ್ರಿ ಮಿಂಟನ್ನೇ ಇನ್‌ಸ್ಟಾಲ್ ಮಾಡಿದೆ. ಹಳೇ ನುಡಿ ಫೈಲುಗಳು ವಿಚಿತ್ರ ಅಕ್ಷರಗಳಾಗಿ ಕಂಡವು, ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಯೂನಿಕೋಡಿಗೆ ಬದಲಿಸುತ್ತಾ ಹೋದೆ. ಕೀಲಿಮಣೆಗೆ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸ ಹಾಕಿಕೊಟ್ಟೆ. ನುಡಿಯದ್ದೂ ಅದೇ ಅಲ್ವಾ, ಅಪ್ಪನ ಬೆರಳು ಎಲ್ಲೂ ತಡವರಿಸಲಿಲ್ಲ.

ಬರೆಯುವ ಮೊದಲು ತಾರೀಕು ಹಾಕುವುದು ಅವರ ರೂಢಿ. ಪರದೆಯ ಮೂಲೆ ನೋಡಿ, ಗೋಡೆಯ ಕ್ಯಾಲೆಂಡರ್ ನೋಡಿ, ಟೈಪ್ ಮಾಡಲು ಶುರು ಮಾಡಿದರು.