ನೆನೆದ ಚರ್ಮದ ಸೈಕ್ಲಿಂಗ್ ಶೂ: ಮಡಿಕೇರಿಯ ದುರಸ್ತಿ ಅಂಗಡಿಯಿಂದ ಕೆಲವು ಮಾತುಗಳು

ಮಡಿಕೇರಿಯಲ್ಲಿ ಬೂಟು, ಚಪ್ಪಲಿ, ಚರ್ಮದ ಚೀಲಗಳನ್ನು ದುರಸ್ತಿ ಮಾಡುವುದು ನನ್ನ ಕಸುಬು. ತೋಟದ ಕೆಲಸದ ಬೂಟುಗಳು ಮತ್ತು ಸೈನ್ಯದಿಂದ ನಿವೃತ್ತರಾದವರು ಇಂದಿಗೂ ಹೊಳಪು ಮಾಸದಂತೆ ಕಾಪಾಡಿಕೊಂಡಿರುವ ಬೂಟುಗಳ ಜೊತೆಗೆ, ಈಚಿನ ವರ್ಷಗಳಲ್ಲಿ ಕೈಯಿಂದ ಹೊಲಿದ ಚರ್ಮದ ಸೈಕ್ಲಿಂಗ್ ಶೂಗಳೂ ನನ್ನ ಮೇಜಿಗೆ ಬರತೊಡಗಿವೆ. ಬೆಲೆಬಾಳುವ, ಅಚ್ಚುಕಟ್ಟಾದ ಕೆಲಸದ ಶೂಗಳಿವು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಇವು ಮಳೆಯಿಂದಲೇ ಹಾಳಾಗುತ್ತವೆ ಎಂದು ಎಲ್ಲರೂ ಭಾವಿಸುತ್ತಾರೆ. ಆದರೆ ನನ್ನ ಕೈಗೆ ಬಂದವುಗಳಲ್ಲಿ ಬರಿಯ ನೀರಿನಿಂದ ಕೆಟ್ಟವು ಕಡಿಮೆ. ನೆನೆದ ಮೇಲೆ ಮನೆಯಲ್ಲಿ ನಡೆದ ಉಪಚಾರದಿಂದ ಕೆಟ್ಟವೇ ಹೆಚ್ಚು.

ಮಳೆ ಬಿಡದೆ ಸುರಿಯುವ ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಕೊಡಗಿನ ಮನೆಗಳಲ್ಲಿ ಬಟ್ಟೆ ಒಣಗುವುದು ಬೆಂಕಿಯ ಬಳಿಯಲ್ಲೇ. ಅಡುಗೆ ಒಲೆಯ ಮೇಲಿನ ಅಟ್ಟ, ಬಚ್ಚಲ ಹಂಡೆಯ ಪಕ್ಕ, ಇಲ್ಲವೇ ಇದ್ದಿಲಿನ ಅಗ್ಗಿಷ್ಟಿಕೆ, ಈ ಮೂರರಲ್ಲಿ ಒಂದು ಕಡೆ ಶೂ ಕೂಡ ಸೇರಿಕೊಳ್ಳುತ್ತದೆ. ಭಾಗಮಂಡಲದ ರಸ್ತೆಯಲ್ಲಿ ತೊಯ್ದು ಬಂದಿದ್ದ ತರುಣರೊಬ್ಬರು, ಮುಂಭಾಗ ಸುರುಟಿಕೊಂಡ ಜೋಡಿಯನ್ನು ನನ್ನ ಮುಂದಿಟ್ಟು, "ಅಟ್ಟದ ಮೇಲಿಟ್ಟಿದ್ದೆ ಅಣ್ಣ, ಕೈ ಸುಡುವಷ್ಟು ಬಿಸಿಯೇನೂ ಇರಲಿಲ್ಲ" ಎಂದರು. ಅವರ ಮಾತು ನಿಜವೇ ಇರಬೇಕು. ತೊಗಟೆಯ ರಸದಲ್ಲಿ ಹದ ಮಾಡಿದ ಚರ್ಮ ಒಣಗಿರುವಾಗ ಒಂದಿಷ್ಟು ಶಾಖ ತಡೆಯುತ್ತದೆ. ಅದೇ ಚರ್ಮ ಪೂರ್ತಿ ನೆನೆದಿದ್ದರೆ ಸುಮಾರು 70ರಿಂದ 85 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ನಾರುಗಳು ಮುದುಡಿಕೊಳ್ಳುತ್ತವೆ ಮತ್ತು ಹಾಗೆ ಮುದುಡಿದ್ದನ್ನು ಯಾವ ಅಚ್ಚಿಗೆ ಹಾಕಿ ಎಳೆದರೂ ಮೊದಲಿನ ಸ್ಥಿತಿಗೆ ತರಲಾಗದು. ಕ್ರೋಮ್ ಉಪ್ಪಿನಲ್ಲಿ ಹದ ಮಾಡಿದ ಚರ್ಮ ಇನ್ನೂ ಹೆಚ್ಚಿನ ಶಾಖವನ್ನು ತಾಳುತ್ತದೆಯಾದರೂ, ಸೋಲನ್ನು, ಅಂದರೆ ಶೂವಿನ ತಳದ ಅಟ್ಟೆಯನ್ನು, ಹಿಡಿದಿರುವ ಅಂಟು ಅದಕ್ಕೂ ಬಹಳ ಮೊದಲೇ ಮೆತ್ತಗಾಗಿ ಅಂಚು ಬಿಡುತ್ತದೆ. ಪಾರ್ಚ್‌ಮೆಂಟ್ ಕಾಫಿಯನ್ನು, ಅಂದರೆ ಹಣ್ಣಿನ ತಿರುಳು ತೆಗೆದು ಒಳಸಿಪ್ಪೆ ಉಳಿಸಿದ ಬೀಜವನ್ನು, ಕಣದಲ್ಲಿ ಹರಡಿ ಒಣಗಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕಡು ಬಿಸಿಲಿಗೆ ಆತುರದಲ್ಲಿ ಒಣಗಿಸಿದರೆ ಸಿಪ್ಪೆ ಬಿರಿಯುತ್ತದೆ.

ಸರಿಯಾದ ಕ್ರಮ ಬಲು ಸರಳ. ಮನೆಗೆ ಬಂದ ಕೂಡಲೇ, ಕೆಸರು ಹಸಿಯಾಗಿರುವಾಗಲೇ ಒದ್ದೆ ಬಟ್ಟೆಯಿಂದ ಒರೆಸಿ, ಲೇಸು ಬಿಚ್ಚಿ, ನಾಲಗೆಯನ್ನು ಹೊರಕ್ಕೆ ಎಳೆದು, ಒಳ ಅಟ್ಟೆ ಬಿಡಿಯಾಗಿದ್ದರೆ ಅದನ್ನೂ ತೆಗೆದು, ಶೂವಿನೊಳಗೆ ಕಾಗದ ತುಂಬಬೇಕು. ಹಳೆಯ ದಿನಪತ್ರಿಕೆ ಸಾಕು. ಒಳಪದರ ತಿಳಿಬಣ್ಣದ್ದಾದರೆ ಮಾತ್ರ ಶಾಯಿ ಹತ್ತದಂತೆ ಬರೆಯದ ಬಿಳಿ ಕಾಗದ ಬಳಸುವುದು ಒಳ್ಳೆಯದು. ಮೊದಲು ತುಂಬಿದ ಕಾಗದವನ್ನು ಒಂದೆರಡು ಗಂಟೆಯೊಳಗೆ ಬದಲಿಸಬೇಕು, ಏಕೆಂದರೆ ಹೆಚ್ಚಿನ ನೀರನ್ನು ಹೀರುವುದು ಅದೇ. ಆಮೇಲೆ ಸೋಲಿನ ಕೆಳಗೂ ಗಾಳಿ ಆಡುವಂತೆ ಶೂವನ್ನು ಮಗ್ಗುಲಾಗಿ ಮಲಗಿಸಿ, ಫ್ಯಾನಿನ ಗಾಳಿ ತಾಕುವ ಕೋಣೆಯಲ್ಲಿ ಎರಡು ಮೂರು ದಿನ ಬಿಡಬೇಕು. ಈ ಎರಡು ಮೂರು ದಿನಗಳ ತಾಳ್ಮೆಯೇ ಜನರಲ್ಲಿ ಇರುವುದಿಲ್ಲ.

ಇನ್ನು ಗ್ರಾಹಕರು ಅತಿ ಹೆಚ್ಚು ಗಾಬರಿಯಿಂದ ತರುವ ದೂರು ಚರ್ಮದ ಮೇಲೆ ಕಾಣಿಸಿಕೊಳ್ಳುವ ಬಿಳಿಯದು. ಬಿಳಿ ಕಂಡ ಕೂಡಲೇ ಬೂಷ್ಟು ಎಂದು ನಿರ್ಧರಿಸಿ, ಸಿಕ್ಕಿದ್ದನ್ನೆಲ್ಲ ಹಾಕಿ ಉಜ್ಜುತ್ತಾರೆ. ಮೇಜಿನ ಮೇಲೆ ನಾನು ಮೊದಲು ಪರೀಕ್ಷಿಸುವುದು ಅದು ಯಾವ ಬಿಳಿ ಎಂಬುದನ್ನು. ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದಾಗ ಅಥವಾ ಕೂದಲು ಒಣಗಿಸುವ ಯಂತ್ರದ ಹದವಾದ ಗಾಳಿಯನ್ನು ದೂರದಿಂದ ಹಾಯಿಸಿದಾಗ ಕರಗಿ ಮಾಯವಾದರೆ ಅದು ಜಿಡ್ಡು. ಒದ್ದೆ ಬಟ್ಟೆಯಿಂದ ಒರೆಸಿದಾಗ ಹೋಗಿ, ಒಣಗಿದ ಮೇಲೆ ಅದೇ ಜಾಗದಲ್ಲಿ ಅಲೆಯಂಥ ಗೆರೆಯಾಗಿ ಮರಳಿದರೆ ಅದು ಬೆವರಿನ ಉಪ್ಪು. ಬಿಸಿಗೂ ಕರಗದೆ, ಅಲ್ಲಲ್ಲಿ ದುಂಡಗೆ ಹಬ್ಬಿ, ನಯವಾದ ತುಪ್ಪಳದಂತೆ ಕಂಡು, ಮುಗ್ಗಲು ವಾಸನೆ ಬಂದರೆ ಮಾತ್ರ ಅದು ಬೂಷ್ಟು.

ಮಡಿಕೇರಿಯಲ್ಲಿ ಮೊದಲನೆಯ ಬಗೆಯೇ ಹೆಚ್ಚಾಗಿ ಕಾಣುವುದಕ್ಕೆ ಒಂದು ಕಾರಣವಿದೆ. ಚರ್ಮ ಮೆತ್ತಗಿರಲೆಂದು ತೆಂಗಿನೆಣ್ಣೆ ಸವರುವ ರೂಢಿ ಎಲ್ಲ ಕಡೆ ಇದೆ. ತೆಂಗಿನೆಣ್ಣೆ ಗಟ್ಟಿಯಾಗುವುದು ಸುಮಾರು 24 ಡಿಗ್ರಿಗಿಂತ ಕೆಳಗೆ. ಕರಾವಳಿಯಲ್ಲಿ ಎಣ್ಣೆಯಾಗಿಯೇ ಉಳಿಯುವ ಅದು, ನಮ್ಮ ಬೆಟ್ಟದ ಚಳಿಯಲ್ಲಿ ಹೊಲಿಗೆಯ ತೂತುಗಳಲ್ಲೂ ಗಾಳಿಗೆಂದು ಕೊರೆದ ಸಣ್ಣ ರಂಧ್ರಗಳಲ್ಲೂ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಅಂಥ ಶೂವಿಗೆ ಮೆದು ಬ್ರಷ್ಷು, ಉಗುರುಬೆಚ್ಚಗಿನ ಗಾಳಿ, ಒಣಬಟ್ಟೆ ಇಷ್ಟೇ ಸಾಕು. ಉಪ್ಪಿಗೆ ಬರಿಯ ನೀರು ಸಾಕು, ಆದರೆ ಕಲೆಯಿರುವ ಜಾಗವನ್ನಷ್ಟೇ ಒದ್ದೆ ಮಾಡಿದರೆ ಹೊಸ ಗೆರೆ ಮೂಡುವುದರಿಂದ ಇಡೀ ಮೇಲ್ಭಾಗವನ್ನು ಒಂದೇ ಸಮನಾಗಿ ಒರೆಸಬೇಕು. ಬೂಷ್ಟನ್ನು ಮನೆಯ ಹೊರಗೆ ಬ್ರಷ್ಷಿನಿಂದ ಉದುರಿಸಿ, ಸರ್ಜಿಕಲ್ ಸ್ಪಿರಿಟ್‌ಗೆ ಸಮಪಾಲು ನೀರು ಬೆರೆಸಿ, ನಾಲಗೆಯ ಅಡಿಯಲ್ಲಿ ಬಣ್ಣ ಬಿಡುತ್ತದೆಯೇ ಎಂದು ಮೊದಲು ನೋಡಿ, ಆಮೇಲೆ ಹೊರಗೂ ಒಳಗೂ ಒರೆಸಬೇಕು. ಒಳಗನ್ನು ಬಿಟ್ಟರೆ ವಾರದೊಳಗೆ ಅದು ಮತ್ತೆ ಹೊರಗೆ ಬರುತ್ತದೆ. ಸ್ಪಿರಿಟ್ ಚರ್ಮದ ಜಿಡ್ಡನ್ನೂ ಹೀರುವುದರಿಂದ ಒಣಗಿದ ಮೇಲೆ ತೆಳುವಾಗಿ ಕ್ರೀಮ್ ಹಚ್ಚುವುದನ್ನು ಮರೆಯಬಾರದು.

ಎಣ್ಣೆಯ ವಿಷಯದಲ್ಲಿ ನನ್ನ ಅಭಿಪ್ರಾಯ ತುಸು ಕಟುವಾದದ್ದು. ಬೆಟ್ಟ ಹತ್ತುವ ಬೂಟಿಗೆ ಡಬ್ಬಿನ್ ಎಂಬ ಮೇಣ ಮತ್ತು ಎಣ್ಣೆಯ ಮುಲಾಮು ಒಳ್ಳೆಯದೇ. ಸೈನ್ಯದಲ್ಲಿದ್ದ ಹಿರಿಯರು ಅದನ್ನು ಹಚ್ಚುವ ಶ್ರದ್ಧೆಗೆ ನಾನು ತಲೆಬಾಗುತ್ತೇನೆ. ಆದರೆ ಸೈಕ್ಲಿಂಗ್ ಶೂವಿನ ಕೆಲಸವೇ ಬೇರೆ. ಅದರ ಅಟ್ಟೆ ಬಾಗಬಾರದು, ಮೇಲ್ಚರ್ಮ ಹಿಗ್ಗಬಾರದು. ತಲಕಾವೇರಿಯ ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಪೆಡಲಿನ ಜೊತೆ ಕಾಲನ್ನು ಮೇಲಕ್ಕೆ ಎಳೆದರೆ ಹಿಮ್ಮಡಿ ಒಳಗೇ ಜಾರುವಂತಿದ್ದರೆ ಆ ಶೂ ತೊಟ್ಟು ಪ್ರಯೋಜನವಿಲ್ಲ. ಎಣ್ಣೆ ಕುಡಿದ ಚರ್ಮ ಮೊದಲ ದಿನ ಹಿತವೆನಿಸಿ, ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ. ಬಿಗಿಯಾಗಲೆಂದು ಲೇಸನ್ನು ಕೊನೆಯವರೆಗೆ ಎಳೆದು, ಎರಡು ಅಂಚುಗಳೂ ಒಂದನ್ನೊಂದು ತಾಗಿ, ಇನ್ನು ಎಳೆಯಲು ಜಾಗವೇ ಇಲ್ಲದ ಜೋಡಿಗಳನ್ನು ನೋಡಿದ್ದೇನೆ. ಅಂಥವುಗಳಿಗೆ ದಪ್ಪ ಒಳ ಅಟ್ಟೆ ಹಾಕಿಕೊಡಬಹುದೇ ಹೊರತು ಚರ್ಮವನ್ನು ಮತ್ತೆ ಬಿಗಿಗೊಳಿಸಲು ನನ್ನಿಂದಾಗದು. ಜೇನುಮೇಣ ಬೆರೆತ ಕ್ರೀಮನ್ನು ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ, ನಡುವೆ ಚರ್ಮ ಒಣಗಿದಂತೆ ಕಂಡಾಗ ಮತ್ತೊಮ್ಮೆ, ಬೆರಳ ತುದಿಯಷ್ಟು ತೆಗೆದುಕೊಂಡು ತಿಕ್ಕಿದರೆ ಬೇಕಾದಷ್ಟಾಯಿತು.

ಶೂವನ್ನು ಪೆಡಲಿಗೆ ಸಿಕ್ಕಿಸಲು ಸೋಲಿನಡಿ ಕೂರಿಸುವ ತುಂಡೇ ಕ್ಲೀಟು; ಅದರ ಕಡೆ ಗಮನ ಕೊಡುವವರು ತೀರಾ ವಿರಳ. 1984ರಲ್ಲಿ ಕ್ಲೀಟನ್ನು ತಾನೇ ಕಚ್ಚಿ ಹಿಡಿಯುವ ಲುಕ್ ಕಂಪನಿಯ ಹೊಸ ಪೆಡಲು ಬರುವವರೆಗೂ, ಸೈಕಲ್ ಪಂದ್ಯದವರು ಚರ್ಮದ ಅಟ್ಟೆಗೆ ಸೀಳಿರುವ ಕ್ಲೀಟನ್ನು ಮೊಳೆಯಿಂದ ಹೊಡೆಸಿಕೊಂಡು, ಕಾಲನ್ನು ಪೆಡಲಿಗೆ ಪಟ್ಟಿಯಿಂದ ಬಿಗಿದುಕೊಳ್ಳುತ್ತಿದ್ದರು. ಈಗ ನನ್ನಲ್ಲಿಗೆ ಬರುವವುಗಳಲ್ಲಿ ಬಹುತೇಕ ಶೂಗಳಿಗೆ ಶಿಮಾನೊ 1990ರಲ್ಲಿ ತಂದ ಎಸ್‌ಪಿಡಿ ಮಾದರಿಯ ಎರಡು ಬೋಲ್ಟಿನ ಕ್ಲೀಟ್ ಇರುತ್ತದೆ. ಸೋಲಿನೊಳಗಿನ ಉಕ್ಕಿನ ಪಟ್ಟಿಯೂ ಬೋಲ್ಟೂ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಒಂದಾಗಿಬಿಡಬಹುದು. ಆಗ ಬೋಲ್ಟಿನ ತಲೆಯನ್ನು ಕೊರೆದು ತೆಗೆಯಬೇಕಾಗುತ್ತದೆ, ಪಕ್ಕದ ಚರ್ಮಕ್ಕೂ ಗಾಯವಾಗುತ್ತದೆ. ಜೂನ್‌ಗೆ ಮೊದಲು ಬೋಲ್ಟುಗಳನ್ನು ಬಿಚ್ಚಿ, ಗ್ರೀಸ್ ಸವರಿ, 5ರಿಂದ 6 ನ್ಯೂಟನ್ ಮೀಟರ್ ಬಿಗಿಗೆ ಕೂರಿಸಿದರೆ ಈ ತೊಂದರೆ ಇರದು. ಬಿಚ್ಚುವ ಮುನ್ನ ಕ್ಲೀಟಿನ ಸುತ್ತ ಗುರುತು ಎಳೆದುಕೊಳ್ಳಿ. ಇಲ್ಲವಾದರೆ ಕ್ಲೀಟಿನ ಜಾಗ ತಪ್ಪಿ, ಮಂಡಿನೋವಿನ ದೂರು ಹೊತ್ತು ಮತ್ತೆ ಬರುತ್ತೀರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಿಮೆ ಬೆಲೆಯ ರೆಕ್ಸಿನ್ ಶೂ ತೊಟ್ಟು, ಚರ್ಮದ್ದನ್ನು ಎತ್ತಿಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಎತ್ತಿಡುವುದೆಂದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಬ್ಬಿಣದ ಬೀರುವಿನಲ್ಲಿ ಮುಚ್ಚಿಡುವುದಲ್ಲ. ಗಾಳಿಯ ತೇವಾಂಶ ಶೇಕಡಾ 70 ದಾಟಿದರೆ ಚರ್ಮದ ಮೇಲೆ ಬೂಷ್ಟು ಬೆಳೆಯಲು ಅನುಕೂಲ, ಮುಚ್ಚಿದ ಬೀರುವಿನಲ್ಲಿ ಗಾಳಿಯೂ ಆಡುವುದಿಲ್ಲ. ಹತ್ತಿಬಟ್ಟೆಯ ಚೀಲದಲ್ಲಿ ಹಾಕಿ ಗಾಳಿಯಾಡುವ ಎತ್ತರದ ಕಪಾಟಿನಲ್ಲಿಟ್ಟು, ವಾರಕ್ಕೊಮ್ಮೆ ಹೊರತೆಗೆದು ಒಣಬಟ್ಟೆಯಿಂದ ಒರೆಸಬೇಕು. ಸಿಲಿಕಾ ಜೆಲ್ ಬಳಸುವುದಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲೇ ಬಳಸಬೇಕು, ತೇವ ಹೀರಿದ ಕಾಳುಗಳನ್ನು ಆಗಾಗ ಬಿಸಿಮಾಡಿ ಒಣಗಿಸಬೇಕು. ತೆರೆದ ಕಪಾಟಿನಲ್ಲಿಟ್ಟರೆ ಅದರಿಂದ ಏನೂ ಉಪಯೋಗವಿಲ್ಲ.

ಹೊಸದಾಗಿ ಕೊಳ್ಳುವವರು ಸೋಲನ್ನು ಹೊಲಿದಿದ್ದಾರೆಯೇ ಅಥವಾ ಅಂಟಿಸಿದ್ದಾರೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಹೊಲಿದದ್ದಾದರೆ ಸವೆದ ಅಟ್ಟೆಯನ್ನು ಬಿಚ್ಚಿ ಹೊಸದನ್ನು ಹಾಕಿಕೊಡಬಲ್ಲೆ. ಅಚ್ಚಿನಲ್ಲಿ ಎರಕ ಹೊಯ್ದು ಅಂಟಿಸಿದ ಸೋಲು ಸವೆದರೆ, ಅದೇ ಅಳತೆಯ ಬದಲಿ ಸೋಲು ತಯಾರಕರಿಂದಲೇ ಬರಬೇಕಾಗುತ್ತದೆ.