ಮೊಳೆ ಬದಲಾಯ್ತು, ಬಿಲ್ ತಿದ್ದಿದೆ

ನಾನು ಬಾಸ್ಟನ್ ಹತ್ತಿರ ಕಟ್ಟಡ ಸಾಮಾನು ಮಾರುವ ಒಂದು ಕಂಪನಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಕಳೆದ ಚಳಿಗಾಲದಲ್ಲಿ ಒಬ್ಬ ಕಾಂಟ್ರಾಕ್ಟರ್ ಕಡೆಯವರು ಎರಡೂವರೆ ಇಂಚಿನ ಮೊಳೆ ಹತ್ತು ಬಾಕ್ಸ್ ತಗೊಂಡು ಹೋದರು. ಮಾರನೇ ದಿನ ಮೇಸ್ತ್ರಿ ಅಷ್ಟನ್ನೂ ವಾಪಸ್ ತಂದ. ಗಿಡ್ಡ ಆಯ್ತಂತೆ, ಮೂರಿಂಚಿನದು ಬೇಕಂತೆ. ಕೊಟ್ಟೆವು.

ಆಗ ಮಾಡಬೇಕಾದ್ದು ಇಷ್ಟೇ: ವಾಪಸ್ ಬಂದ ಮಾಲಿಗೆ ಒಂದು ಕ್ರೆಡಿಟ್ ನೋಟ್ (ಅದರ ದುಡ್ಡನ್ನು ಗಿರಾಕಿಯ ಲೆಕ್ಕದಿಂದ ಕಳೆಯುವ ಚೀಟಿ), ಹೊಸ ಮಾಲಿಗೆ ಹೊಸ ಬಿಲ್. ಸಂಜೆ ಆರೂವರೆ ಆಗಿತ್ತು, ಹೊರಗೆ ಹಿಮ ಬೀಳುತ್ತಿತ್ತು, ನನಗೆ ರೈಲಿನ ಚಿಂತೆ. ಹಳೇ ಬಿಲ್ಲನ್ನೇ ತೆರೆದು ಮೊಳೆಯ ಸೈಜ್ ಬದಲಿಸಿದೆ, ರೇಟ್ ಬದಲಿಸಿದೆ, ಸೇವ್ ಮಾಡಿ ಹೊರಟೆ. ಲೆಕ್ಕ ಸರಿಯಾಗೇ ಇತ್ತು, ಒಂದು ಸೆಂಟ್ ಹೆಚ್ಚಿಲ್ಲ, ಕಮ್ಮಿ ಇಲ್ಲ.

ಮೂರು ವಾರದ ಮೇಲೆ ಕಾಂಟ್ರಾಕ್ಟರ್ ಫೋನ್ ಮಾಡಿದರು. ಅವರ ಕೈಯಲ್ಲಿ ಮೊದಲ ದಿನದ ಪ್ರಿಂಟ್ ಬಿಲ್. ಮೇಸ್ತ್ರಿ ಮಾಲು ಬದಲಿಸಿದ್ದು ಅವರಿಗೆ ಗೊತ್ತೇ ಇಲ್ಲ. 'ಗಿಡ್ಡ ಮೊಳೆ ಕೊಟ್ಟು ಉದ್ದ ಮೊಳೆಯ ದುಡ್ಡು ಹಾಕಿದ್ದೀರಿ' ಅಂದರು. ನಮ್ಮವರು ಸಿಸ್ಟಮ್ ತೆಗೆದು ನೋಡಿದರೆ ನನ್ನ ಹೆಸರು, ಗಂಟೆ, ಹಳೇ ರೇಟ್, ಹೊಸ ರೇಟ್ ಎಲ್ಲ ಇದೆ. ಕಾರಣ ಬರೆಯುವ ಜಾಗ ಮಾತ್ರ ಖಾಲಿ. ನಾನು ಕೂತು ಉದ್ದದ ಇಮೇಲ್ ಬರೆದೆ. ಬರೀತಾ ಬರೀತಾ ಅದು ಇನ್ನಷ್ಟು ಉದ್ದವಾಯಿತು. ಓದಿದರೆ ನನಗೇ ಕಳ್ಳನ ಮಾತಿನಂತೆ ಕೇಳಿಸಿತು.

ನಮ್ಮ ಮ್ಯಾನೇಜರ್ ಇದೇ ಊರಲ್ಲಿ ಹುಟ್ಟಿ ಬೆಳೆದ ಹಿರಿಯ ಹೆಂಗಸು. ಅದನ್ನು ಓದಿ ನಕ್ಕುಬಿಟ್ಟರು. "ಈ ಊರಲ್ಲಿ ಹಿಂದೆ ಒಬ್ಬ ವ್ಯಾಪಾರಿ ಇದ್ದ. ಅವನೂ ಮೊಳೆ ವಿಷಯದಲ್ಲೇ ಸಿಕ್ಕಿಬಿದ್ದ" ಅಂದರು. ಸುಮ್ನೆ ತಮಾಷೆ ಅಂದುಕೊಂಡೆ. ಆಮೇಲೆ ಓದಿದರೆ, ನಿಜ.

ಅವನ ಹೆಸರು ರಾಬರ್ಟ್ ಕೇನ್. 1595ರಲ್ಲಿ ಇಂಗ್ಲೆಂಡಿನ ವಿಂಡ್ಸರ್‌ನಲ್ಲಿ ಹುಟ್ಟಿದವನು. ಅಪ್ಪ ಮಾಂಸದ ವ್ಯಾಪಾರಿ. ಹತ್ತು ವರ್ಷಕ್ಕೇ ಲಂಡನ್ನಿನ ವರ್ತಕರೊಬ್ಬರ ಹತ್ತಿರ ಕೆಲಸ ಕಲಿಯಲು ಬಿಟ್ಟರು. 1617ರಲ್ಲಿ ಆನ್ ಮ್ಯಾನ್ಸ್‌ಫೀಲ್ಡ್ ಎಂಬುವಳನ್ನು ಮದುವೆಯಾದ. 1635ರಲ್ಲಿ ಸಂಸಾರ ಸಮೇತ ಬಾಸ್ಟನ್‌ಗೆ ಬಂದ. ಊರು ಆಗಿನ್ನೂ ಐದು ವರ್ಷದ ಕೂಸು. ಮೊಳೆ, ಗುಂಡಿ, ಬಟ್ಟೆ, ಎಲ್ಲವೂ ಹಡಗಿನಲ್ಲೇ ಬರಬೇಕು. ಹಡಗು ಬಂದಾಗ ಮಾಲು ಹಿಡಿಯುವ ದುಡ್ಡಿದ್ದವನೇ ರಾಜ, ಅಲ್ವಾ?

1639ರ ನವೆಂಬರ್‌ನಲ್ಲಿ ಅವನನ್ನು ಕೋರ್ಟಿಗೆ ಎಳೆದರು. ಆರೋಪ ಜಾಸ್ತಿ ಲಾಭ. ಒಂದು ಶಿಲಿಂಗ್ ಅಂದರೆ 12 ಪೆನ್ಸ್. ಅದರ ಮೇಲೆ ಆರು ಪೆನ್ಸ್, ಕೆಲವು ಮಾಲಿಗೆ ಎಂಟು ಪೆನ್ಸ್, ಕೆಲವು ಸಣ್ಣ ಸಾಮಾನಿಗೆ ಅಸಲಿನಷ್ಟೇ ಲಾಭ ಹಿಡಿದನಂತೆ. 200 ಪೌಂಡ್ ದಂಡ ಹಾಕಿದರು, ಕೊನೆಗೆ ಕಟ್ಟಿಸಿಕೊಂಡಿದ್ದು 80. ಅದಕ್ಕಿಂತ ಅವನಿಗೆ ಚುಚ್ಚಿದ್ದು ಚರ್ಚಿನವರು ಎಲ್ಲರ ಮುಂದೆ ನಿಲ್ಲಿಸಿ ಬೈದಿದ್ದು. ಅಲ್ಲಿನ ಪಾದ್ರಿ ಜಾನ್ ವಿಲ್ಸನ್ ಬೇರೆ ಯಾರೂ ಅಲ್ಲ, ಹೆಂಡತಿಯ ಅಕ್ಕತಂಗಿಯಲ್ಲೊಬ್ಬಳ ಗಂಡ. ಅಂದರೆ ಸ್ವಂತ ಷಡ್ಡಕ. ಆಮೇಲೆ ಮನೆಯಲ್ಲಿ ಹಬ್ಬದೂಟಕ್ಕೆ ಹೇಗೆ ಕೂರುತ್ತಿದ್ದರೋ! ಇನ್ನೊಬ್ಬ ಪಾದ್ರಿ ಜಾನ್ ಕಾಟನ್ ವ್ಯಾಪಾರದ ನಿಯಮ ಹೇಳಿಕೊಟ್ಟರು: ಎಷ್ಟಕ್ಕೆ ಹೋಗುತ್ತೋ ಅಷ್ಟಕ್ಕೆ ಮಾರುತ್ತೇನೆ ಅನ್ನುವುದು ತಪ್ಪು, ಸಮುದ್ರದಲ್ಲಿ ಕಳೆದ ಮಾಲಿನ ನಷ್ಟವನ್ನು ಉಳಿದ ಮಾಲಿನ ಮೇಲೆ ಹಾಕುವುದೂ ತಪ್ಪು. ಇವತ್ತು ನಮ್ಮ ಸೇಲ್ಸ್ ಮೀಟಿಂಗಿನಲ್ಲಿ ಇದನ್ನು ಹೇಳಿದರೆ ಹೊರಗೆ ಕಳಿಸುತ್ತಾರೆ.

ಮೊಳೆ ಬರುವುದು ಇಲ್ಲಿ. ಅಮೆರಿಕದಲ್ಲಿ ಈಗಲೂ ಮೊಳೆಯ ಸೈಜನ್ನು ಪೆನ್ನಿಯಲ್ಲಿ ಹೇಳುತ್ತಾರೆ. ಆರು ಪೆನ್ನಿ ಮೊಳೆ ಎರಡಿಂಚು, ಎಂಟು ಪೆನ್ನಿಯದು ಎರಡೂವರೆ, ಹತ್ತು ಪೆನ್ನಿಯದು ಮೂರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದನ್ನೇ ರೇಟ್ ಅಂದುಕೊಂಡು ನಗೆಪಾಟಲಾಗಿದ್ದೆ. ಕೇನ್ ಮೇಲಿದ್ದ ದೂರುಗಳಲ್ಲಿ ಒಂದು, ಸಣ್ಣ ಮೊಳೆಗೆ ದೊಡ್ಡ ಮೊಳೆಯ ಬೆಲೆ ಹಾಕಿದ ಅಂತ. ಅವನ ಉತ್ತರ: ಗಿರಾಕಿ ಸಣ್ಣದು ಒಯ್ದ, ವಾಪಸ್ ಕೊಟ್ಟು ದೊಡ್ಡದು ತಗೊಂಡ, ನಾನು ಉದ್ರಿ ಪುಸ್ತಕದಲ್ಲಿ ಅದೇ ಸಾಲನ್ನು ತಿದ್ದಿದೆ. ಅಲ್ಲಿಗೆ ಮುಗಿಯಿತು. ತಿದ್ದಿದ ಅಂಕಿ ನೋಡಿದವರಿಗೆ ಕಂಡಿದ್ದು ಮೋಸ.

ಅವನು ಹೇಳಿದ್ದು ನಿಜ ಇರಬಹುದು ಅಂತ ನನಗನ್ನಿಸುತ್ತದೆ, ನನಗೂ ಅದೇ ಆಗಿದೆಯಲ್ಲ. ಹಾಗಂತ ಅವನು ಸಂತನೂ ಅಲ್ಲ. ಉಳಿದ ಮಾಲಿನಲ್ಲಿ ಲಾಭ ಹೊಡೆದ ಮನುಷ್ಯ ಈ ಒಂದು ಸಾಲಿನಲ್ಲಿ ಮಾತ್ರ ಸಾಚಾ ಅಂದರೆ ಯಾರು ನಂಬಬೇಕು? ತಪ್ಪಾದ ಅಂಕಿಗೆ ಗೆರೆ ಹೊಡೆದು ಕಾಟು ಹಾಕುವುದರ ಬೆಲೆ ಗೊತ್ತಾಗುವುದು ಇಲ್ಲೇ. ನಮ್ಮೂರಲ್ಲಿ ನಮ್ಮಪ್ಪ ಅಂಗಡಿ ಲೆಕ್ಕ ಬರೆಯುವಾಗ ತಪ್ಪಾದರೆ ಅಂಕಿಯ ಮೇಲೆ ಅಂಕಿ ಬರೆಯುತ್ತಿರಲಿಲ್ಲ. ಹಳೇದು ಓದಲು ಬರುವಂತೆ ಒಂದೇ ಗೆರೆ ಎಳೆದು, ಕೆಳಗೆ ಹೊಸದಾಗಿ ಬರೆದು, ಪಕ್ಕದಲ್ಲಿ ಸಹಿ ಹಾಕುತ್ತಿದ್ದರು. ನಾನು ಬಿ.ಕಾಂ. ಓದಿ, ಸಮುದ್ರ ದಾಟಿ ಬಂದು, ಅದನ್ನೇ ಮರೆತಿದ್ದೆ.

ಕೇನ್‌ಗೆ ಆ ಅವಮಾನ ಸಾಯುವವರೆಗೂ ಆರಲಿಲ್ಲ. 1653ರಲ್ಲಿ ಉಯಿಲು ಬರೆಯಲು ಕೂತ. ಅದು 158 ಪುಟ ಆಯಿತು. ಆಸ್ತಿ ಹಂಚುವ ನಡುನಡುವೆ ತನ್ನ ಸಮರ್ಥನೆ, ಮೊಳೆಯ ಲೆಕ್ಕ, ಗುಂಡಿಯ ಲೆಕ್ಕ, ಯಾವ ಖಾತೆ ಪುಸ್ತಕದಲ್ಲಿ ಏನಿದೆ ಅನ್ನುವ ವಿವರ. ಮನೆಯ ಸಂಕಟವೂ ಇದೆ. ಉಳಿದ ಒಬ್ಬನೇ ಮಗ ಬೆಂಜಮಿನ್, ಗವರ್ನರ್ ಆಗಿದ್ದ ಥಾಮಸ್ ಡಡ್ಲಿಯ ಮಗಳು ಸಾರಾಳನ್ನು ಮದುವೆಯಾಗಿದ್ದ. ದೊಡ್ಡ ಮನೆತನದ ಸಂಬಂಧ, ಆದರೆ ಬಾಳಲಿಲ್ಲ. ಮಗ ಲಂಡನ್‌ಗೆ ಹೋಗಿ ಅಲ್ಲಿಂದಲೇ ಹೆಂಡತಿಯನ್ನು ಬಿಟ್ಟ. ಇತ್ತ 1647ರಲ್ಲಿ ಚರ್ಚು ಸಾರಾಳನ್ನು ಹೊರಗೆ ಹಾಕಿತು. ಸೊಸೆಯ ಮೇಲೆ ಮುದುಕನಿಗೆ ಕೊನೆವರೆಗೂ ಸಿಟ್ಟು, ಮೊಮ್ಮಗಳು ಅನ್ನಾಳ ಮೇಲೆ ಮಾತ್ರ ಪ್ರಾಣ. ಅವನ ಒಂದು ಹಂದಿ ವ್ಯಾಜ್ಯ ಬೆಳೆದು ಬೆಳೆದು 1644ರಲ್ಲಿ ಅಲ್ಲಿನ ಶಾಸನಸಭೆಯೇ ಎರಡು ಸದನವಾಗಿ ಒಡೆಯಿತು. ಅದನ್ನು ಬರೆಯಹೊರಟರೆ ಇನ್ನೊಂದು ದಿನ ಬೇಕು.

ಅವನು 1656ರಲ್ಲಿ ತೀರಿಕೊಂಡ. ತನ್ನನ್ನು ಬೈದ ಊರಿಗೇ ಒಂದು ಟೌನ್ ಹೌಸ್, ಅಂದರೆ ಊರವರು ಸಭೆ ಸೇರುವ ಕಟ್ಟಡ, ಕಟ್ಟಲು 300 ಪೌಂಡ್ ಬಿಟ್ಟುಹೋಗಿದ್ದ. ಆ ಮರದ ಕಟ್ಟಡ 1711ರ ಬೆಂಕಿಯಲ್ಲಿ ಸುಟ್ಟುಹೋಯಿತು. ಅದೇ ಜಾಗದಲ್ಲಿ 1713ರಲ್ಲಿ ಕಟ್ಟಿದ ಇಟ್ಟಿಗೆಯ ಓಲ್ಡ್ ಸ್ಟೇಟ್ ಹೌಸ್ ಈಗಲೂ ಇದೆ, ಅದರ ನೆಲಮಾಳಿಗೆಯಲ್ಲೇ ಮೆಟ್ರೋ ಸ್ಟೇಷನ್ನಿನ ಬಾಗಿಲು.

ನನ್ನ ಗಲಾಟೆ ಎರಡು ದಿನದಲ್ಲಿ ಮುಗಿಯಿತು. ಮೇಸ್ತ್ರಿ ಒಪ್ಪಿಕೊಂಡ. ನಾನು ಬಿಲ್ಲನ್ನು ಮೊದಲಿದ್ದ ಹಾಗೆ ಮಾಡಿ, ಕ್ರೆಡಿಟ್ ನೋಟ್ ಹಾಕಿ, ಹೊಸ ಬಿಲ್ ತೆಗೆದೆ. ಮೂರೂ ಸೇರಿ ನಾಲ್ಕು ನಿಮಿಷ ಹಿಡಿಯಿತು. ಈಗ ರೇಟ್ ಮುಟ್ಟಿದರೆ ಯಾರು ಕೇಳಿದರು, ಯಾವತ್ತು, ಯಾಕೆ ಅಂತ ಅಲ್ಲೇ ಬರೆದಿಡುತ್ತೇನೆ.

ಮೊನ್ನೆ ಮ್ಯಾನೇಜರ್ ಕೇಳಿದರು, "ಆ 158 ಪುಟ ಓದಿ ಮುಗಿಸಿದೆಯಾ?"

"ಇಲ್ಲ, ಇನ್ನೂ ಮೊಳೆ ಹತ್ರಾನೇ ಇದ್ದೀನಿ" ಅಂದೆ.